ಚೆನ್ನಾಗಿ ಅತ್ತರೆ

ಅಳುವ ಸಿನಿಮಾ ಎಂದರೆ ನನಗೆ ಪ್ರಾಣ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಸಿನಿಮಾದವರನ್ನು ಬೈಯುವುದಿದೆ, ಆಗ ಈ ಮುದುಕಿಗೆ ಸಿನಿಮಾ ಕಂಡರೇ ಆಗದು ಎಂದು ಯಾರೂ ಅಂದುಕೊಳ್ಳಬಾರದು. ನಾನು ಥಿಯೇಟರಿನ ಟಿಕೆಟ್ ಕೌಂಟರಿನಲ್ಲಿ ಕೂತು ಸಂಸಾರ ಸಾಕಿದವಳು. ಮನೆಮಂದಿಯೆಲ್ಲ ಕೂತು ನೋಡುವಂಥ ಪಿಕ್ಚರ್ ಬಂದರೆ, ಕೌಂಟರ್ ಮುಚ್ಚಿ ಕೊನೆಯ ಸಾಲಿನ ಹಿಂದೆ ನಿಂತು ನೋಡುತ್ತಿದ್ದೆ. ಕಳೆದುಹೋದ ಮಗು ತಾಯಿಯ ಮಡಿಲು ಸೇರುವ ಹೊತ್ತಿಗೆ ನನ್ನ ಕರವಸ್ತ್ರ ಹಿಂಡುವಷ್ಟು ಒದ್ದೆಯಾಗಿರುತ್ತಿತ್ತು. "ಅಳೋಕೆ ಅಷ್ಟು ದೂರ ಹೋಗ್ಬೇಕಾ? ಮನೇಲೇ ಈರುಳ್ಳಿ ಹೆಚ್ಚು" ಎಂದು ನನ್ನ ಮಗಳು ರೇಗಿಸುವಳು.

ಹಾಗಾಗಿ ಬೆಣ್ಣೆ ಮಾಮ ನಮ್ಮ ಗುಬ್ಬಿಯನ್ನು ಆರಿಸಿಕೊಂಡಾಗ ನನ್ನ ಕಾಲು ನೆಲದ ಮೇಲಿರಲಿಲ್ಲ. ಗುಬ್ಬಿ ನನ್ನ ಮೊಮ್ಮಗಳು, ಎರಡನೇ ಕ್ಲಾಸು. ಬೆಣ್ಣೆ ಮಾಮ ಡೈರೆಕ್ಟರು. ಮಕ್ಕಳೆಲ್ಲ ಅವನನ್ನು ಮಾಮ ಎನ್ನುತ್ತಿದ್ದರು, ಬೆಣ್ಣೆ ನಾನು ಸೇರಿಸಿದ್ದು. ಅವನ ದನಿ ಅಷ್ಟು ಮೆತ್ತಗಿತ್ತು. ಅಂಥ ದೊಡ್ಡ ಮನುಷ್ಯನನ್ನು 'ಅವರು' ಎನ್ನಬೇಕು, ಗೊತ್ತು. ನನ್ನ ಬಾಯಿಗೆ ಬರುವುದಿಲ್ಲ.

ಅವನು ಶಾಲೆಗೆ ಬಂದು ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕರೆದು ಕೂರಿಸಿಕೊಂಡ. ಹಾಡು ಹೇಳಿಸಲಿಲ್ಲ, ಕುಣಿಸಲಿಲ್ಲ. ಒಂದೇ ಒಂದು ಪ್ರಶ್ನೆ ಕೇಳಿದ. "ನಿಂಗೆ ಎಲ್ಲಕ್ಕಿಂತ ಯಾರು ಇಷ್ಟ?" ಒಬ್ಬ ನಾಯಿ ಎಂದ, ಒಬ್ಬಳು ಐಸ್‌ಕ್ರೀಮ್ ಎಂದಳು. ನಮ್ಮ ಗುಬ್ಬಿ ಕಣ್ಣು ಮಿಟುಕಿಸದೆ "ಅಮ್ಮ" ಎಂದಳಂತೆ. "ಅಮ್ಮ ಬಿಟ್ರೆ?" ಎಂದು ಕೇಳಿದ್ದಕ್ಕೆ, ಸ್ವಲ್ಪ ಯೋಚಿಸಿ, "ಅಮ್ಮನ್ನ ಯಾಕೆ ಬಿಡ್ಬೇಕು?" ಎಂದಳಂತೆ. ಬೆಣ್ಣೆ ಮಾಮ ನಕ್ಕು ಅವಳ ತಲೆ ಸವರಿದ. ಉಳಿದ ಮಕ್ಕಳನ್ನು ಅವನು ನೋಡಲೇ ಇಲ್ಲ.

ಮಗಳು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು, ರಜೆ ಸಿಗುವುದಿಲ್ಲ. ಅಳಿಯ ಹಡಗಿನಲ್ಲಿ ಅಡುಗೆಯವನು, ಬಂದರೆ ಬಂದ, ಇಲ್ಲವಾದರೆ ಫೋನಿನಲ್ಲಿ ಮುಖ ತೋರಿಸಿದ. ಹೀಗಾಗಿ ಗುಬ್ಬಿಯ ಜೊತೆ ದಿನಾ ಶೂಟಿಂಗಿಗೆ ಹೋಗುವ ಕೆಲಸ ನನ್ನ ಪಾಲಿಗೆ ಬಂತು. ಬೇಡ ಎನ್ನಲು ನನಗೇನು ಹುಚ್ಚೆ?

ಊರಾಚೆಯ ಹಳೇ ಗೋದಾಮಿನೊಳಗೆ ಒಂದು ಮನೆ ಕಟ್ಟಿದ್ದರು. ಎಂಥ ಚಂದದ ಮನೆ! ಕಿಟಕಿಗೆ ಹೂವಿನ ಪರದೆ, ಗೋಡೆಗೆ ಮಗು ಬಿಡಿಸಿದ ಚಿತ್ರಗಳು, ಹಳದಿ ಬೆಳಕು. ಹಿಂದಕ್ಕೆ ಹೋಗಿ ನೋಡಿದರೆ ಗೋಡೆಯೆಲ್ಲ ಪ್ಲೈವುಡ್ಡು, ಬಾಗಿಲು ತೆಗೆದರೆ ಆಚೆ ಕತ್ತಲು, ವೈರುಗಳು. ಕಥೆ ಏನೆಂದರೆ, ಮಗುವಿನ ಅಮ್ಮ ಎಚ್ಚರ ತಪ್ಪಿ ಮಲಗಿದ್ದಾಳೆ. ಡಾಕ್ಟರು ಕೈಚೆಲ್ಲಿದ್ದಾರೆ. ಮಗು ದಿನಾ ಹಾಸಿಗೆಯ ಪಕ್ಕ ಕೂತು ಶಾಲೆಯ ಕಥೆ ಹೇಳುತ್ತದೆ, ಅಳುತ್ತದೆ. ಕಡೆಗೆ ಒಂದು ದಿನ ಮಗುವಿನ ಕಣ್ಣೀರು ಅಮ್ಮನ ಕೆನ್ನೆಗೆ ಬೀಳುತ್ತದೆ, ಅಮ್ಮ ಕಣ್ಣು ಬಿಡುತ್ತಾಳೆ. ಕೇಳಿದಾಗಲೇ ನಾನು ಕರವಸ್ತ್ರ ಹುಡುಕಿಕೊಂಡಿದ್ದೆ. ಅಮ್ಮನ ಪಾತ್ರದ ನಟಿ ಮಾತ್ರ ಹಾಸಿಗೆಯಲ್ಲಿ ನಿಜವಾಗಿಯೇ ನಿದ್ದೆ ಹೋಗಿ ಗೊರಕೆ ಹೊಡೆಯುತ್ತಿದ್ದಳು, ಆಗಾಗ ಯಾರಾದರೂ ಅವಳ ಕಾಲು ಚಿವುಟಬೇಕಾಗುತ್ತಿತ್ತು. ಗುಬ್ಬಿ ಬಿದ್ದು ಬಿದ್ದು ನಗುತ್ತಿದ್ದಳು. ಮೊದಲ ವಾರ ಹಾಗೆ ಕಳೆಯಿತು.

ಆಮೇಲೆ ಅಳುವ ಸೀನು ಬಂತು. ಬೇರೆಯವರು ಮಕ್ಕಳನ್ನು ಅಳಿಸಲು ಕಣ್ಣಿಗೆ ಗ್ಲಿಸರಿನ್ ಹಚ್ಚುತ್ತಾರೆ, ಗದರುತ್ತಾರೆ. ಬೆಣ್ಣೆ ಮಾಮ ಹಾಗಲ್ಲ, ಅವನ ಸಿನಿಮಾದ ಮಕ್ಕಳದ್ದು ಅಪ್ಪಟ ಕಣ್ಣೀರು ಎಂದು ಪತ್ರಿಕೆಗಳಲ್ಲಿ ನಾನೇ ಓದಿದ್ದೆ. ಹೇಗೆ ಮಾಡಿಸುತ್ತಾನೋ ನೋಡೋಣವೆಂದು ಕುರ್ಚಿ ಮುಂದಕ್ಕೆ ಎಳೆದುಕೊಂಡೆ. ಅವನು ರಬ್ಬರ್ ಅಟ್ಟೆಯ ಬೂಟು ಹಾಕುತ್ತಿದ್ದ, ಬಂದದ್ದೂ ಹೋದದ್ದೂ ಗೊತ್ತಾಗುತ್ತಿರಲಿಲ್ಲ. ಗುಬ್ಬಿಯ ಪಕ್ಕ ಬಂದು ಮಂಡಿಯೂರಿ ಕೂತ. ಅಷ್ಟೆ, ಯಾರೂ ಏನೂ ಹೇಳದೆ ಎಲ್ಲರೂ ಎದ್ದರು. ಕ್ಯಾಮೆರಾದವನು, ಲೈಟಿನವರು, ನಿದ್ದೆಗಣ್ಣಿನ ನಟಿ ಕೂಡ. ಒಬ್ಬಳು ಹುಡುಗಿ ನನ್ನ ತೋಳು ಹಿಡಿದು "ಬನ್ನಿ ಅಜ್ಜಿ, ಟೀ ಕುಡಿಯೋಣ" ಎಂದಳು. ಹೊರಗೆ ಎಲ್ಲರೂ ಟೀ ಲೋಟ ಹಿಡಿದು ನಿಂತಿದ್ದರು. ಸಾವಿನ ಮನೆಯ ಮುಂದೆ ನಿಂತಂತೆ ನಿಂತಿದ್ದರು.

ಒಳಗೆ ಕರೆದಾಗ ಗುಬ್ಬಿಯ ಮುಖ ಬಿಳಿಚಿಕೊಂಡಿತ್ತು. "ರೋಲಿಂಗ್" ಎಂದರು. ಅವಳು ಹಾಸಿಗೆಯ ಪಕ್ಕ ಕೂತು "ಅಮ್ಮಾ" ಎಂದಳು. ಆ ಅಳು ಕೇಳಿ ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಕಟ್ ಎಂದ ಕೂಡಲೇ ಓಡಿಹೋಗಿ ಎತ್ತಿಕೊಂಡೆ. ಅವಳು ನನ್ನ ಹೆಗಲ ಮೇಲಿಂದ ಬೆಣ್ಣೆ ಮಾಮನನ್ನೇ ನೋಡುತ್ತಾ ಕೇಳಿದಳು: "ಸಾಕಾ ಮಾಮ?"

"ಇವತ್ತಿಗೆ ಸಾಕು ಪುಟ್ಟಿ" ಎಂದ ಅವನು.

ಮಾಮ ಏನು ಹೇಳಿದ ಎಂದು ದಾರಿಯಲ್ಲಿ ಕೇಳಿದೆ. ಕಥೆ ಹೇಳಿದರು ಎಂದಳು. ಯಾವ ಕಥೆ? ಬಾಯಿಗೆ ಬೀಗ. ತಲೆ ಮೇಲೆ ಕೂರಿಸಿಕೊಂಡು ಬೆಳೆಸಿದ ಮಗು, ಹಲ್ಲುಜ್ಜುವಾಗಲೂ ಮಾತಾಡುವಂಥದ್ದು, ಆವತ್ತು ಬಸ್ಸಿನ ಕಿಟಕಿಗೆ ಹಣೆ ಒತ್ತಿಕೊಂಡು ಮನೆವರೆಗೂ ತುಟಿ ಬಿಚ್ಚಲಿಲ್ಲ.

ಅಲ್ಲಿಂದ ಮನೆಯಲ್ಲಿ ಒಂದೊಂದೇ ಶುರುವಾಯಿತು. ಮಗಳು ಕೆಲಸದಿಂದ ಬಂದರೆ ಗುಬ್ಬಿ ಓಡಿ ಬಂದು ತಬ್ಬಿಕೊಳ್ಳುವ ಬದಲು ದೂರ ನಿಂತು ಅವಳನ್ನು ಅಡಿಯಿಂದ ಮುಡಿವರೆಗೆ ನೋಡುವಳು. "ಇವತ್ತು ಹೇಗಿದೀಯ ಅಮ್ಮ?" ಎಂದು ದೊಡ್ಡವರ ಹಾಗೆ ಕೇಳುವಳು. ಮಗಳಿಗೆ ನಗು. "ಚೆನ್ನಾಗಿದೀನಿ ಡಾಕ್ಟ್ರೇ" ಎನ್ನುವಳು. ಒಂದು ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಮಗಳು ಸೋಫಾದ ಮೇಲೆ ಹಾಗೇ ಒರಗಿ ನಿದ್ದೆಹೋಗಿದ್ದಳು. ನಾನು ಪಾತ್ರೆ ತೊಳೆದು ಬಂದು ನೋಡಿದರೆ, ಗುಬ್ಬಿ ತುದಿಗಾಲಲ್ಲಿ ನಿಂತು ತಾಯಿಯ ಮೂಗಿನ ಕೆಳಗೆ ಬೆರಳಿಟ್ಟುಕೊಂಡಿದ್ದಳು. ಉಸಿರು ನೋಡುತ್ತಿದ್ದಳು!

"ಏನೇ ಮಾಡ್ತಿದೀಯ?"

"ಶ್, ಅಜ್ಜಿ. ಅಮ್ಮ ಮಲಗ್ಲಿ."

"ಆ ಮಾಮ ನಿಂಗೇನು ಹೇಳಿದ್ದು? ಅಜ್ಜಿಗೆ ಹೇಳಲ್ವಾ?"

ಅವಳು ನನ್ನನ್ನು ಅಡುಗೆಮನೆಯ ಕಡೆ ತಳ್ಳಿದಳು. "ಹೇಳಿದ್ರೆ ಅದು ಕೆಲಸ ಮಾಡಲ್ವಂತೆ" ಎಂದಳು.

ಮರುದಿನ ನನ್ನ ತೋಳು ಹಿಡಿದು ಟೀಗೆ ಕರೆದಿದ್ದ ಆ ಹುಡುಗಿಯನ್ನೇ ಹಿಡಿದೆ. ಮೈಕಿನ ಹುಡುಗಿ ಎಂದು ಅವಳನ್ನು ಕರೆಯುತ್ತಿದ್ದರು. ಗುಂಡಿಯಷ್ಟು ಚಿಕ್ಕ ಮೈಕನ್ನು ಗುಬ್ಬಿಯ ಫ್ರಾಕಿನ ಕಾಲರಿನೊಳಗೆ ಸಿಕ್ಕಿಸುವುದು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಎಲ್ಲ ಕೇಳಿಸಿಕೊಳ್ಳುವುದು ಅವಳ ಕೆಲಸ. ಮೈಕು ಬೆಳಿಗ್ಗೆ ಹಾಕಿದರೆ ಸಂಜೆಯೇ ತೆಗೆಯುವುದು. ಅಂದರೆ ಎಲ್ಲರೂ ಹೊರಗೆ ಹೋದಾಗಲೂ ಅವಳ ಕಿವಿ ಒಳಗೇ ಇರುತ್ತಿತ್ತು.

"ನಿಂಗೆ ಗೊತ್ತು" ಎಂದೆ. "ಹೇಳು."

ಅವಳು ವೈರು ಸುತ್ತುತ್ತಲೇ ಇದ್ದಳು. "ನನ್ನ ಗುರುತು ಸಿಗಲಿಲ್ವಾ ಅಜ್ಜಿ? ಇವರ ಮೊದಲನೇ ಪಿಕ್ಚರ್‌ನಲ್ಲಿ ರೈಲ್ವೆ ಸ್ಟೇಷನ್‌ನಲ್ಲಿ ಅಪ್ಪನ್ನ ಹುಡುಕ್ತಾ ಅಳೋ ಮಗು ನಾನೇ."

ಆ ಪಿಕ್ಚರ್ ನಮ್ಮ ಥಿಯೇಟರಿನಲ್ಲಿ ನೂರು ದಿನ ಓಡಿತ್ತು. ಆ ಅಳುವನ್ನು ನಾನು ಎಷ್ಟು ಸಲ ನೋಡಿ ಎಷ್ಟು ಕರವಸ್ತ್ರ ಒದ್ದೆ ಮಾಡಿಕೊಂಡಿದ್ದೆನೋ!

"ಆಮೇಲೆ ಎರಡನೇ ಪಿಕ್ಚರ್‌ಗೆ ಕರೆದ್ರು" ಎಂದಳು. "ನಾನು ಬರಲ್ಲ ಅಂದೆ. ಆ ವರ್ಷ ಅಪ್ಪ ಹೋಗ್ಬಿಟ್ರು."

"ಅದಕ್ಕೂ ಇದಕ್ಕೂ ಏನೇ ಸಂಬಂಧ?"

"ಏನೂ ಇಲ್ಲ. ಅಪ್ಪಂಗೆ ಮೊದಲಿಂದ್ಲೂ ಕಾಯಿಲೆ ಇತ್ತು. ನಂಗೆ ಗೊತ್ತು ಅಜ್ಜಿ, ನಾನು ಓದಿದೋಳು, ಎಲ್ಲ ಗೊತ್ತು." ಅವಳು ಸುತ್ತಿದ ವೈರನ್ನು ಬಿಚ್ಚಿ ಮತ್ತೆ ಮೊದಲಿಂದ ಸುತ್ತಿದಳು. "ಆದ್ರೂ ಇವರು ಕೆಲಸಕ್ಕೆ ಕರೆದಾಗ ಬೇಡ ಅನ್ನಕ್ಕೆ ಆಗಲಿಲ್ಲ. ಮನೇಲಿ ಅಮ್ಮ ಇದಾರೆ."

ಆ ದಿನ ಎರಡನೇ ಅಳುವ ಸೀನಿತ್ತು. ಎಲ್ಲರೂ ಎದ್ದು ಹೊರಟಾಗ ಅವಳು ಏನೂ ಹೇಳದೆ ಹೆಡ್‌ಫೋನ್ ತೆಗೆದು ನನ್ನ ಕಿವಿಗೆ ಹಾಕಿದಳು.

ಮೊದಲು ಗುಬ್ಬಿಯ ಉಸಿರು ಕೇಳಿಸಿತು. ನನ್ನ ಕಿವಿಯೊಳಗೇ ಕೂತು ಉಸಿರಾಡಿದಂತಿತ್ತು. ಆಮೇಲೆ ಅವನ ದನಿ, ಜೋಗುಳ ಹಾಡುವವರ ಹಾಗೆ.

"ಅಮ್ಮ ನಿನ್ನೆ ಚೆನ್ನಾಗಿ ಊಟ ಮಾಡಿದ್ರಾ ಪುಟ್ಟಿ?"

"ಮಾಡಿದ್ರು."

"ನೋಡಿದ್ಯಾ? ಅವತ್ತು ನೀನು ಚೆನ್ನಾಗಿ ಅತ್ತೆಯಲ್ಲ, ಅದಕ್ಕೇ. ಆದ್ರೆ ಅಮ್ಮನ ಕಾಯಿಲೆ ಇನ್ನೂ ಒಳಗೇ ಇದೆ. ಹೊರಗೆ ಕಾಣಲ್ಲ. ಕೇಳಿದ್ರೆ ಅಮ್ಮ ಇಲ್ಲ ಅಂತಾರೆ, ಅಜ್ಜಿನೂ ಇಲ್ಲ ಅಂತಾರೆ. ದೊಡ್ಡೋರು ಮಕ್ಕಳಿಗೆ ನಿಜ ಹೇಳಲ್ಲ, ಅಲ್ವಾ? ನಾನೊಬ್ಬನೇ ಹೇಳೋದು. ಕ್ಯಾಮೆರಾ ಮುಂದೆ ನೀನು ಚೆನ್ನಾಗಿ ಅತ್ರೆ ಅಮ್ಮಂಗೆ ಸ್ವಲ್ಪ ವಾಸಿ ಆಗತ್ತೆ. ಸುಮ್ನೆ ಸುಮ್ನೆ ಅತ್ರೆ..." ಅವನು ಅಲ್ಲಿಗೆ ನಿಲ್ಲಿಸಿದ. ಗುಬ್ಬಿಯ ಉಸಿರು ತುಂಡುತುಂಡಾಯಿತು.

ಹೆಡ್‌ಫೋನ್ ಎಲ್ಲಿ ಎಸೆದೆನೋ ನೆನಪಿಲ್ಲ. ಒಳಗೆ ನುಗ್ಗಿ ಗುಬ್ಬಿಯನ್ನು ಎಳೆದುಕೊಂಡೆ. ಟಿಕೆಟ್ ಕೌಂಟರಿನಲ್ಲಿ ಕುಡುಕರನ್ನೂ ಪುಂಡರನ್ನೂ ಬೈದು ಪಳಗಿದ ಬಾಯಿ ನನ್ನದು, ಆವತ್ತು ಅದಕ್ಕೆ ತಡೆಯೇ ಇರಲಿಲ್ಲ. "ನಿನ್ನ ನಾಲಿಗೆ ಸೇದಿ ಹೋಗ! ಮಗು ಕಣೋ ಅದು, ಮಗು!" ಅವನು ಎದ್ದು ನಿಂತು ಪ್ಯಾಂಟಿನ ಧೂಳು ಕೊಡವಿಕೊಂಡ. ಕೋಪವಿಲ್ಲ, ನಾಚಿಕೆಯಿಲ್ಲ.

"ಕೂತ್ಕೊಳಿ ಅಮ್ಮ, ನೀರು ಕುಡೀರಿ. ಮಕ್ಕಳಿಗೆ ಕಥೆ ಹೇಳೋದು ತಪ್ಪಾ?" ಎಂದ.

ಎಲ್ಲಕ್ಕಿಂತ ಕೆಟ್ಟದ್ದು ಅದಲ್ಲ. ಗುಬ್ಬಿ ನನ್ನ ಕೈ ಕಚ್ಚಿದಳು. "ಬಿಡು! ನಾನು ಇನ್ನೂ ಅತ್ತಿಲ್ಲ! ಬಿಡು ಅಜ್ಜಿ!" ಎಂದು ಕೈಕಾಲು ಬಡಿಯುತ್ತಾ ಕಿರುಚಿದಳು. ಹಾಗೇ ಎತ್ತಿಕೊಂಡು ಹೊರಗೆ ಬಂದೆ. ಬಾಗಿಲಲ್ಲಿ ನಿಂತ ಯಾರೂ ನನ್ನ ಮುಖ ನೋಡಲಿಲ್ಲ.

ವಿಷಯ ಕೇಳಿ ಮಗಳು ಕೆಂಡವಾದಳು. ಫೋನು ಹಚ್ಚಿ ಕೂಗಾಡಿದಳು, ದೂರು ಕೊಡುತ್ತೇನೆಂದಳು. ಕೊಡಿ ಎಂದರು ಸಿನಿಮಾದವರು. ಮಾಮ ಮಕ್ಕಳಿಗೆ ಕಥೆ ಹೇಳುತ್ತಾರೆ ಎನ್ನುವುದು ಊರಿಗೇ ಗೊತ್ತಿತ್ತು, ತಾನು ಪಿಸುಗುಟ್ಟಿದ ಭಾಗವನ್ನು ಮಾತ್ರ ಅವನು ಪ್ರತಿ ಸಲವೂ ಮೈಕಿನ ಹುಡುಗಿಯ ಪಕ್ಕದಲ್ಲೇ ನಿಂತು ಅಳಿಸಿಹಾಕಿಸುತ್ತಿದ್ದನಂತೆ, ಸಾಕ್ಷಿಯೇ ಇರಲಿಲ್ಲ. ಹಾಳಾಗಿ ಹೋಗಲಿ, ನಮಗೆ ಮಗು ಮುಖ್ಯ ಎಂದುಕೊಂಡೆವು. ಮಗಳು ಗುಬ್ಬಿಯನ್ನು ಮಡಿಲಲ್ಲಿ ಕೂರಿಸಿಕೊಂಡು ಹೇಳಿದಳು:

"ಮಾಮ ಸುಳ್ಳು ಹೇಳಿದ್ದು ಚಿನ್ನ. ಅಮ್ಮಂಗೆ ಏನೂ ಆಗಿಲ್ಲ. ನೋಡು, ಗಟ್ಟಿಮುಟ್ಟಾಗಿದೀನಿ."

ಗುಬ್ಬಿ ತಲೆಯಾಡಿಸಿದಳು. ಅವಳ ಮುಖದಲ್ಲಿದ್ದದ್ದು ಕನಿಕರ. ಆರು ತುಂಬಿ ಏಳಕ್ಕೆ ಬಿದ್ದ ಮಗು ತಾಯಿಯನ್ನು ಕನಿಕರದಿಂದ ನೋಡುತ್ತಿತ್ತು. ಇಲ್ಲ ಅಂತಾರೆ ಎಂದು ಅವನು ಮೊದಲೇ ಹೇಳಿಟ್ಟಿದ್ದನಲ್ಲ, ನಾವು ಇಲ್ಲ ಎಂದಷ್ಟೂ ಅವಳಿಗೆ ಹೌದೆನಿಸುತ್ತಿತ್ತು.

ಮಗಳು ಲ್ಯಾಬಿನವಳು, ಅವಳ ತಲೆ ಓಡುವುದೇ ಹಾಗೆ. ಮಾರನೆಯ ದಿನ ಗುಬ್ಬಿಯನ್ನು ಲ್ಯಾಬಿಗೇ ಕರೆದೊಯ್ದು, ಅವಳ ಕಣ್ಣ ಮುಂದೆ ತನ್ನ ರಕ್ತ ತೆಗೆಸಿ, ಮೆಷಿನ್ನಿಗೆ ಹಾಕಿ, ಬಂದ ರಿಪೋರ್ಟನ್ನು ಅವಳ ಕೈಗೆ ಕೊಟ್ಟಳು. "ಓದು. ಎಲ್ಲ ಸರಿಯಾಗಿದೆ ಅಂತ ಬರೆದಿದೆ." ಗುಬ್ಬಿ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಇದನ್ನ ಬರೆಯೋದು ನೀನೇ ಅಲ್ವಾ ಅಮ್ಮ?" ಎಂದಳು. ಬೇರೆ ಹೊತ್ತಾಗಿದ್ದರೆ ನಗಬಹುದಾಗಿತ್ತು.

ಅದೇ ವಾರ ಮಗಳಿಗೆ ನೆಗಡಿಯಾಯಿತು. ಬರೀ ನೆಗಡಿ, ಮೂಗು ಸೋರುವುದು, ನಾಲ್ಕು ಕೆಮ್ಮು. ಗುಬ್ಬಿ ಊಟ ಬಿಟ್ಟಳು. ಶಾಲೆಗೆ ಹೋಗಲಿಲ್ಲ. ತಾಯಿ ಕೆಲಸಕ್ಕೆ ಹೊರಟರೆ ಬಾಗಿಲಿಗೆ ಅಡ್ಡ ಮಲಗಿದಳು. ಒಂದು ಬೆಳಿಗ್ಗೆ ಬಚ್ಚಲಿನಿಂದ ಅಳು ಕೇಳಿಸಿ ಬಾಗಿಲು ತಳ್ಳಿದೆ. ಸ್ಟೂಲಿನ ಮೇಲೆ ನಿಂತು, ಕನ್ನಡಿ ನೋಡಿಕೊಂಡು ಅಳುತ್ತಿದ್ದಳು. ಕೆನ್ನೆ ತುಂಬ ನೀರು. ನನ್ನನ್ನು ಕಂಡು ಅಳು ನಿಲ್ಲಿಸಿ ಕೇಳಿದಳು:

"ಅಜ್ಜಿ, ಕ್ಯಾಮೆರಾ ಇಲ್ದೆ ಅತ್ರೆ ಲೆಕ್ಕಕ್ಕೆ ಬರತ್ತಾ?"

ಅವಳನ್ನು ಸ್ಟೂಲಿನಿಂದ ಇಳಿಸಿಕೊಂಡೆ. ಬರುತ್ತದೆ ಎಂದರೆ ಜೀವನವಿಡೀ ಹೀಗೆ ಅಳುತ್ತಾಳೆ, ಬರುವುದಿಲ್ಲ ಎಂದರೆ ಅಮ್ಮ ಸಾಯುತ್ತಾಳೆಂದು ಈಗಲೇ ಹೆದರಿ ಸಾಯುತ್ತಾಳೆ. ಆ ಪಾಪಿ ಹಾಕಿದ ಗಂಟು ನಮ್ಮ ಕೈಯಿಂದ ಬಿಚ್ಚುವಂಥದ್ದಲ್ಲ ಎಂದು ಆಗ ಅರ್ಥವಾಯಿತು. ಗುಬ್ಬಿ ನಂಬುತ್ತಿದ್ದದ್ದು ಪ್ರಪಂಚದಲ್ಲಿ ಒಬ್ಬನನ್ನೇ. ಅವನೇ ಬಿಚ್ಚಬೇಕು.

ಮತ್ತೆ ಅವನ ಹತ್ತಿರ ಕರೆದೊಯ್ಯಲು ಮಗಳು ಒಪ್ಪಲಿಲ್ಲ, ಅತ್ತಳು, ಕೆಮ್ಮಿದಳು. ಆ ಕೆಮ್ಮಿಗೆ ಗುಬ್ಬಿ ಎರಡೂ ಕಿವಿ ಮುಚ್ಚಿಕೊಂಡಳು. ಅದನ್ನು ನೋಡಿ ಮಗಳು ಒಪ್ಪಿದಳು.

ಗೋದಾಮಿಗೆ ಹೋದರೆ ಎಲ್ಲವೂ ಹೇಗಿತ್ತೋ ಹಾಗೇ ಇತ್ತು. ಮನೆ ಕೆಡವಿರಲಿಲ್ಲ. ಹಾಸಿಗೆ ಹಾಸಿತ್ತು, ಲೈಟು ಉರಿಯುತ್ತಿತ್ತು, ಗುಬ್ಬಿಯ ಫ್ರಾಕನ್ನು ಇಸ್ತ್ರಿ ಮಾಡಿ ಹ್ಯಾಂಗರಿಗೆ ಹಾಕಿಟ್ಟಿದ್ದರು. ನಾವು ಬರುತ್ತೇವೆಂದು ಫೋನು ಕೂಡ ಮಾಡಿರಲಿಲ್ಲ. "ಬನ್ನಿ ಅಮ್ಮ" ಎಂದ ಬೆಣ್ಣೆ ಮಾಮ, ನಿನ್ನೆ ಹೋಗಿ ಇವತ್ತು ಬಂದವರನ್ನು ಕರೆಯುವ ಹಾಗೆ.

ನಾನು ಅವನನ್ನು ಪ್ಲೈವುಡ್ ಗೋಡೆಯ ಹಿಂದಕ್ಕೆ ಕರೆದೊಯ್ದೆ. ಬೈಯಲಿಲ್ಲ. ಬೈಯುವ ಸ್ಥಿತಿಯಲ್ಲಿ ನಾನಿರಲಿಲ್ಲ.

"ಸೀನು ಮುಗಿಸಿಕೊಡ್ತಾಳೆ. ಆದ್ರೆ ಮುಗಿದ ಮೇಲೆ ಎಲ್ಲರ ಮುಂದೆ, ಗಟ್ಟಿಯಾಗಿ, ಅಮ್ಮಂಗೆ ಪೂರ್ತಿ ವಾಸಿ ಆಯ್ತು ಅಂತ ನೀವು ಅವಳಿಗೆ ಹೇಳ್ಬೇಕು. ಪಿಸುಮಾತು ಬೇಡ."

"ಖಂಡಿತ ಅಮ್ಮ. ನಂಗೂ ಅದೇ ಬೇಕಾಗಿರೋದು" ಎಂದ. ನನ್ನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದ. ಅವನ ಅಂಗೈ ಬೆಚ್ಚಗಿತ್ತು.

ಆವತ್ತು ಯಾರನ್ನೂ ಹೊರಗೆ ಕಳಿಸಲಿಲ್ಲ. ಅಗತ್ಯವೇ ಬೀಳಲಿಲ್ಲ. ಮೈಕಿನ ಹುಡುಗಿ ಗುಬ್ಬಿಯ ಮುಖ ನೋಡದೆ ಕಾಲರಿಗೆ ಮೈಕು ಸಿಕ್ಕಿಸಿದಳು. ಗುಬ್ಬಿ ತಾನಾಗಿಯೇ ಹಾಸಿಗೆಯ ಪಕ್ಕ ಹೋಗಿ ಕೂತು, ಕ್ಯಾಮೆರಾದ ಕಡೆ ನೋಡಿ, ಅದು ತನ್ನ ಕಡೆಗೇ ಇದೆಯೆಂದು ಖಾತ್ರಿ ಮಾಡಿಕೊಂಡಳು. "ರೋಲಿಂಗ್."

ಅವಳು ಅತ್ತದ್ದನ್ನು ವರ್ಣಿಸುವ ಶಕ್ತಿ ನನಗಿಲ್ಲ. ಕ್ಯಾಮೆರಾದವನು ತೋಳಿನಿಂದ ಕಣ್ಣು ಒರೆಸಿಕೊಂಡ. ಲೈಟಿನವರು ಮುಖ ತಿರುಗಿಸಿದರು. ಹಾಸಿಗೆಯ ನಟಿ ಕಣ್ಣು ಬಿಡಬೇಕಾದ ಕಡೆ ಬಿಟ್ಟಳು, ಅವಳ ಕಣ್ಣೂ ತುಂಬಿತ್ತು. ನಾನೂ ಅತ್ತೆ. ಎಲ್ಲ ಗೊತ್ತಿದ್ದೂ, ಕೊನೆಯ ಸಾಲಿನ ಹಿಂದೆ ನಿಂತು ಅಳುತ್ತಿದ್ದ ಹಾಗೇ ಅತ್ತೆ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಕಟ್ ಆಯಿತು. ಅವನು ಮಾತಿಗೆ ತಪ್ಪಲಿಲ್ಲ. ನಡುಮನೆಯಲ್ಲಿ ನಿಂತು, ಎಲ್ಲರಿಗೂ ಕೇಳುವ ಹಾಗೆ, "ಗುಬ್ಬಿ ಪುಟ್ಟಿ, ನಿನ್ನ ಅಮ್ಮಂಗೆ ವಾಸಿ ಆಯ್ತು!" ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಗುಬ್ಬಿ ನಕ್ಕಳು. ಎಷ್ಟೋ ದಿನಗಳ ಮೇಲೆ ಹಲ್ಲು ಬಿಟ್ಟು ನಕ್ಕಳು. ಅವನು ಬಗ್ಗಿ ಅವಳ ಕೆನ್ನೆ ಒರೆಸಿ ಹಣೆಗೆ ಮುತ್ತಿಟ್ಟ. ಅಷ್ಟೇ, ಒಂದು ಗಳಿಗೆ. ನಾನು ಎರಡೂ ಕೈಯೆತ್ತಿ ದೇವರಿಗೆ ಮುಗಿದೆ. ಮೈಕಿನ ಹುಡುಗಿ ಮಾತ್ರ ಹೆಡ್‌ಫೋನ್ ಹಾಕಿಕೊಂಡು ಕೂತಲ್ಲೇ ಕಣ್ಣು ಮುಚ್ಚಿಕೊಂಡಳು. ಅವಳಿಗೆ ಸುಸ್ತಾಗಿರಬೇಕು ಎಂದುಕೊಂಡೆ.

ಬಸ್ಸಿನಲ್ಲಿ ಗುಬ್ಬಿ ಬನ್ನು ತಿಂದಳು, ಇನ್ನೊಂದು ಕೇಳಿ ತಿಂದಳು. ಕಿಟಕಿಯ ಹೊರಗಿನ ಬೋರ್ಡುಗಳನ್ನೆಲ್ಲ ಗಟ್ಟಿಯಾಗಿ ಓದಿದಳು. ಮಾತು, ಮಾತು, ಮಾತು. ನನ್ನ ಗುಬ್ಬಿ ವಾಪಸು ಬಂದಿದ್ದಳು. ಎದೆಯ ಮೇಲಿನ ಕಲ್ಲು ಇಳಿಸಿದಂತಾಗಿ ಅವಳನ್ನು ತಬ್ಬಿಕೊಂಡೆ.

"ಅಜ್ಜಿ, ಈಗ ನಿಂಗೆ ಹೇಳಬಹುದಂತೆ" ಎಂದಳು, ಬಾಯಿ ತುಂಬ ಬನ್ನು. "ಮುತ್ತು ಕೊಡೋವಾಗ ಮಾಮ ಕಿವೀಲಿ ಹೇಳಿದ್ರು. ಮುಂದಿನ ಪಿಕ್ಚರ್ ತನಕ ಅಮ್ಮಂಗೆ ಏನೂ ಆಗಲ್ವಂತೆ."

ಅವಳನ್ನು ನನ್ನ ಕಡೆ ತಿರುಗಿಸಿಕೊಂಡೆ.

"ಯಾವಾಗಂತೆ ಅದು?"

"ಗೊತ್ತಿಲ್ಲ. ಅವರೇ ಫೋನ್ ಮಾಡ್ತಾರಂತೆ. ಬೇಗ ಎತ್ಬೇಕಂತೆ." ಅವಳು ತಿನ್ನುವುದನ್ನು ನಿಲ್ಲಿಸಿ, ಕೈಗೆ ಅಂಟಿದ ಚೂರನ್ನು ಫ್ರಾಕಿಗೆ ಒರೆಸಿಕೊಂಡು, ಅಂಗೈ ಚಾಚಿದಳು. "ಅಜ್ಜಿ, ನಿನ್ನ ಫೋನ್‌ನಲ್ಲಿ ಚಾರ್ಜ್ ಇದೆಯಾ? ತೋರಿಸು."

ನಾನು ಚೀಲದಿಂದ ಫೋನು ತೆಗೆದು ಅವಳ ಕೈಗೆ ಕೊಟ್ಟೆ.